ನೀಲಿ ಬೇಡ, ಬಿಳಿ ಇರಲಿ

ಕೆಂಡದ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಬೆರಳ ತುದಿಗೆ ಬಿಸಿ ತಾಗುವುದು ಯಾವತ್ತೋ ನಿಂತುಹೋಗಿತ್ತು. ಬೀದಿಯ ಮೂಲೆಯ ತಳ್ಳುಗಾಡಿಯೇ ಅವಳ ಅಂಗಡಿ. ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ. ಹೊಗೆಗೆ ಕೆಮ್ಮು ಬಂದರೆ ಗಿರಾಕಿಯ ಬಟ್ಟೆಗೆ ಹನಿ ಸಿಡಿಯದಂತೆ ಮುಖ ತಿರುಗಿಸಿ ಕೆಮ್ಮುತ್ತಿದ್ದಳು. ಇದೆಲ್ಲ ಒಂದೇ ಆಸೆಗೆ: ಮಗಳ ಕೈಗೆ ಈ ಪೆಟ್ಟಿಗೆ ಬರಬಾರದು.

ಮಗಳು ಗುಬ್ಬಿ. ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಮೇಷ್ಟ್ರು ಹೆಸರು ಬರೆದುಕೊಟ್ಟ ಮಕ್ಕಳಿಗೆ ಮುಂದಿನ ವರ್ಷ ವಸತಿ ಶಾಲೆಯಲ್ಲಿ ಸೀಟು. ಊಟ, ಪುಸ್ತಕ, ಹಾಸಿಗೆ ಎಲ್ಲ ಅಲ್ಲೇ.

ಹೋದ ವರ್ಷ ಚಿಕ್ಕ ವಯಸ್ಸಿನ ಗುತ್ತಿಗೆ ಟೀಚರೊಬ್ಬರು ಇದ್ದರು. ಒಂದು ದಿನ ಕ್ಲಾಸನ್ನೇ ಇಸ್ತ್ರಿ ಗಾಡಿಯ ಹತ್ತಿರ ಕರೆತಂದರು. ಎರಡು ಕರವಸ್ತ್ರ ಒದ್ದೆ ಮಾಡಿ, ಒಂದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಇನ್ನೊಂದನ್ನು ಗಾಳಿಗೆ ಕಟ್ಟಿ, "ಯಾವುದು ಮೊದಲು ಒಣಗುತ್ತೆ? ಯಾಕೆ? ಕಿತ್ತಾಡಿ, ಆಮೇಲೆ ಹೇಳಿ" ಎಂದರು. ಮಕ್ಕಳು ನಿಜಕ್ಕೂ ಕಿತ್ತಾಡಿದರು. ಪರೀಕ್ಷೆಯಲ್ಲಿ ಒಬ್ಬೊಬ್ಬರೂ ತಮ್ಮದೇ ಮಾತಿನಲ್ಲಿ ಬರೆದರು. ಮೇಲಿನಿಂದ ಬಂದ ಮಾದರಿ ಉತ್ತರಕ್ಕೆ ಅದು ಅಕ್ಷರಶಃ ಹೊಂದಲಿಲ್ಲ. ಶಾಲೆಯ ಫಲಿತಾಂಶ ಬಿತ್ತು. ಟೀಚರನ್ನು ಮನೆಗೆ ಕಳಿಸಿದರು.

ಆ ಜಾಗಕ್ಕೆ ಕಾಯಂ ಮೇಷ್ಟ್ರು ಬಂದರು. ಅವರು ಮನೆ ಕಟ್ಟಿಸುತ್ತಿದ್ದರು. ಗೋಡೆಗೆ ನೀರು ಹಾಕಿಸಿ ಹೊತ್ತು ಉಳಿದರೆ ಶಾಲೆ.

ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ಸುದ್ದಿಯ ಜೊತೆಗೇ ಅವರು ಕೇಳುವ ಪ್ರಶ್ನೆಗಳೂ ಬಂದವು. ಮೇಷ್ಟ್ರು ಬೋರ್ಡಿನ ತುಂಬ ಉತ್ತರ ಬರೆಯುತ್ತಿದ್ದಾಗ ಮನೆಯಿಂದ ಫೋನು. ಮಾತಾಡುತ್ತಲೇ, ಮರೆತೀತೆಂದು, ಕೊನೆಯ ಉತ್ತರದ ಬಾಲಕ್ಕೆ ಇನ್ನೊಂದು ಸಾಲು ಗೀಚಿದರು.

"ಬೋರ್ಡ್ ಮೇಲಿರೋದು ಒಂದಕ್ಷರ ಬಿಡದೆ ಬಾಯಿಪಾಠ ಆಗ್ಬೇಕು. ಬಿಟ್ಟವನ ಚರ್ಮ ಸುಲೀತೀನಿ" ಎಂದು ಸ್ಕೂಟರು ಹತ್ತಿದವರು ತಪಾಸಣೆಯ ದಿನವೇ ಮತ್ತೆ ಮುಖ ತೋರಿಸಿದ್ದು.

ಅವತ್ತು ಹಿಂದಿನ ಬೆಂಚು ತುಂಬಿಸಲು ಕೆಲವು ತಾಯಂದಿರನ್ನೂ ಕರೆಸಿದ್ದರು. ಇಸ್ತ್ರಿಯಕ್ಕ ಗೋಡೆಗೆ ಒರಗಿ ಕೂತಿದ್ದಳು.

"ಒದ್ದೆ ಬಟ್ಟೆ ಗಾಳಿಯಲ್ಲಿ ಬೇಗ ಒಣಗುವುದೇಕೆ?" ಸಾಹೇಬರು ಕೇಳಿದರು.

ಕ್ಲಾಸು ಒಂದೇ ಗಂಟಲಾಯಿತು: "ಗಾಳಿಯಲ್ಲಿ ಬಿಸಿ ಇರುವುದರಿಂದ ಬಟ್ಟೆ ಬೇಗ ಒಣಗುತ್ತದೆ ಬಚ್ಚಲಿಗೆ ನೀಲಿ ಟೈಲ್ಸ್ ಬೇಡ ಬಿಳಿ ಇರಲಿ!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ಕಪ್ಪಿಟ್ಟಿತು. ಸಾಹೇಬರ ಕಣ್ಣು ತಮ್ಮ ಫೋನಿನ ಮೇಲಿತ್ತು.

"ಭೇಷ್! ಒಂದೇ ಉಸಿರು, ಒಂದೇ ಧ್ವನಿ!" ಎಂದು ಬರೆದುಕೊಂಡರು.

ಬಾಯಿ ತೆರೆಯದೆ ಕೂತಿದ್ದ ಗುಬ್ಬಿ ಎದ್ದು ನಿಂತಳು. "ಸಾರ್, ಅದು ತಪ್ಪು. ಬಟ್ಟೆ ಪಕ್ಕದ ಗಾಳಿ ತೇವ ಕುಡಿದು ಅಲ್ಲೇ ಕೂತಿರುತ್ತೆ. ಬೀಸೋ ಗಾಳಿ ಅದನ್ನ ತಳ್ಕೊಂಡು ಹೋಗುತ್ತೆ, ಆ ಜಾಗಕ್ಕೆ ಒಣ ಗಾಳಿ ಬರುತ್ತೆ. ಅದಕ್ಕೇ ಬೇಗ ಒಣಗೋದು. ತಣ್ಣನೆ ಗಾಳೀಲೂ ಒಣಗುತ್ತಲ್ಲ ಸಾರ್?"

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ಇದು ಮಾದರಿ ಉತ್ತರದಲ್ಲಿಲ್ಲ."

"ಹೋದ ವರ್ಷದ ಟೀಚರ್ ಅಂಟಿಸಿ ಹೋದ ರೋಗ ಸಾರ್. ಇನ್ನೂ ವಾಸಿಯಾಗಿಲ್ಲ" ಎಂದರು ಮೇಷ್ಟ್ರು.

"ಹಾಗಿದ್ರೆ ಇವಳನ್ನ ಸೀಟಿನ ಶಿಫಾರಸಿಂದ ಬಿಟ್ಬಿಡಿ. ಇಂಥವರಿಂದಲೇ ಸರಾಸರಿ ಕೆಡೋದು."

ಇಸ್ತ್ರಿಯಕ್ಕ ಗೋಡೆ ಬಿಟ್ಟು ನೆಟ್ಟಗೆ ಕೂತಳು.

ಭೇಷ್ ಸಿಕ್ಕ ಉತ್ತರವನ್ನು ತಿದ್ದಿಸುವ ಗೋಜಿಗೆ ಹೋಗದೆ ಮೇಷ್ಟ್ರು ಮತ್ತೆ ಮನೆ ಕಟ್ಟಿಸಲು ಹೋದರು. ಮುಂದಿನ ವಾರ ಗಾಡಿಯ ಮುಂದೆ ಸ್ಕೂಟರು ನಿಲ್ಲಿಸಿದರು. ಕೈಯಲ್ಲಿ ಬಿಳಿ ಅಂಗಿ. "ಗರಿಗರಿ ಆಗ್ಬೇಕಮ್ಮ. ಸಂಜೆ ಶಾಲೇಲಿ ಸನ್ಮಾನ ಇದೆ. ಗುಣಮಟ್ಟದ ಶಿಕ್ಷಕ ಅಂತ."

ಅವಳು ಅಂಗಿ ಹರಡಿ, ಇಸ್ತ್ರಿಗೆ ಮೊದಲು ಎಂದಿನಂತೆ ನೀರು ಚಿಮುಕಿಸಿದಳು. "ನನ್ನ ಮಗಳ ಸೀಟು, ಸಾರ್?"

"ಎಲ್ಲಾರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರಮ್ಮ? ನಾಳೆ ಈ ಪೆಟ್ಟಿಗೆ ಹಿಡಿಯೋಕೂ ಒಬ್ಬಳು ಬೇಕಲ್ಲ" ಎಂದು ನಕ್ಕರು.

ಅವಳು ಪೆಟ್ಟಿಗೆ ಮುಟ್ಟಲಿಲ್ಲ. ತಂಬಿಗೆಯಲ್ಲಿದ್ದ ನೀರನ್ನೆಲ್ಲ ಅಂಗಿಯ ಮೇಲೆ ಸುರಿದಳು. ಮಡಿಸಿ ಮುಂದೆ ಚಾಚಿದಳು.

"ಏನೇ ಇದು? ತೊಪ್ಪೆಯಾಗಿದೆ!"

"ಗಾಳಿಗೆ ಹಿಡೀರಿ. ಗಾಳೀಲಿ ಬಿಸಿ ಇದೆ ಅಂತ ನೀವೇ ಬರೆದಿದ್ರಲ್ಲ ಸಾರ್. ಇಸ್ತ್ರೀನೂ ಆ ಗಾಳೀನೇ ಮಾಡುತ್ತೆ."

ಸಂಜೆ ಶಾಲೆಯ ಅಂಗಳದಲ್ಲಿ ಬೀದಿಯೆಲ್ಲ ಸೇರಿತ್ತು. ಮೇಷ್ಟ್ರು ವೇದಿಕೆಯ ಮೇಲಿದ್ದರು. ಅಂಗಿ ಒಣಗಿತ್ತು, ಗಾಳಿಗೆ ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲ. ಆದರೆ ಸುಕ್ಕು ಒಂದೂ ಹೋಗಿರಲಿಲ್ಲ.

ಸಾಹೇಬರು ಮೈಕಿನಲ್ಲಿ ಹೊಗಳುತ್ತಿದ್ದರು: "ಇವರ ಮಕ್ಕಳು ಉತ್ತರ ಹೇಳೋದನ್ನ ನಾನೇ ಕಿವಿಯಾರೆ ಕೇಳಿದ್ದೇನೆ..."

"ನಾವೂ ಕೇಳ್ತೀವಿ ಸಾರ್." ಇಸ್ತ್ರಿಯಕ್ಕ ಎದ್ದಿದ್ದಳು. "ಮಕ್ಕಳಾ, ಒದ್ದೆ ಬಟ್ಟೆ ಯಾಕ್ರೋ ಒಣಗುತ್ತೆ?"

ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಮಕ್ಕಳು ಕೈಕಟ್ಟಿ ನಿಂತು ಒಕ್ಕೊರಲಿನಿಂದ ಒಪ್ಪಿಸಿದರು. ಬಿಸಿ ಗಾಳಿ, ಬಚ್ಚಲು, ನೀಲಿ ಬೇಡ, ಬಿಳಿ ಇರಲಿ.

"ಬಿಳೀನೇ ಹಾಕಿದೀನಲ್ಲ ಸಾರ್!" ಎಂದು ಮೇಷ್ಟ್ರ ಮನೆಯ ಗಾರೆ ಕೆಲಸದವನು ಗಾಬರಿಯಿಂದ ಕೂಗಿದ. ಅವನ ಮಗನೂ ಆ ಸಾಲಿನಲ್ಲೇ ಇದ್ದ.

ಅಂಗಳ ಘೊಳ್ಳೆಂದು ನಕ್ಕಿತು. ಗಾರೆಯವನೂ ನಕ್ಕ. ಆಮೇಲೆ ಮಗನ ಮುಖ ನೋಡಿದ. ಹುಡುಗ ಸರಿ ಉತ್ತರ ಹೇಳಿದ ಹೆಮ್ಮೆಯಲ್ಲಿ ಎದೆಯುಬ್ಬಿಸಿ ನಿಂತಿದ್ದ. ಅಪ್ಪನ ನಗು ಅಲ್ಲೇ ಸತ್ತಿತು.

"ಥೂ! ವರ್ಷವೆಲ್ಲ ನನ್ನ ಮಗನಿಗೆ ತುಂಬಿದ್ದು ಇದೇನಾ?" ಎಂದು ಎದ್ದ. ಅವನ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಕೂತವರು ಯಾರೂ ಉಳಿಯಲಿಲ್ಲ.

ಸಾಹೇಬರು ಮೈಕು ಮುಚ್ಚಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಅರ್ಜಿ ಕೊಡಿ" ಎಂದರು.

ಇಸ್ತ್ರಿಯಕ್ಕ ಮಗಳ ಕೈ ಹಿಡಿದು ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಬೀದಿ ಅವಳ ಬೆನ್ನಿಗೆ ಬಂತು.

"ಹೇಳು ಗುಬ್ಬಿ, ಅವತ್ತು ಹೇಳಿದ್ದನ್ನೇ ಹೇಳು. ಸಾರ್, ನೀವು ಪೆನ್ನಿನ ಮುಚ್ಚಳ ತೆಗೀರಿ. ಬರ್ಕೊಳ್ಳಿ."