ಹಸಿರು ಪರದೆ

ಮಾಲೀಕ ಓಡಿಹೋದ ದಿನ ಬೂಟು ಕಾರ್ಖಾನೆಯಲ್ಲಿ ನಾವು ಮೊದಲು ಒಡೆದದ್ದು ಅವನ ಕೋಣೆಯನ್ನಲ್ಲ, ಗೇಟಿನ ಪಕ್ಕದ ತಪಾಸಣೆ ಗೂಡನ್ನು. ಸಂಜೆ ಮನೆಗೆ ಹೊರಡುವ ಮುಂಚೆ ಒಬ್ಬೊಬ್ಬರೇ ಅದರೊಳಗೆ ಹೋಗಿ, ಬೂಟು ಬಿಚ್ಚಿ, ಜೇಬು ಹೊರಗೆಳೆದು, ಕೈ ಎತ್ತಿ ನಿಲ್ಲಬೇಕಿತ್ತು. ಹೆಂಗಸರನ್ನು ಹೆಂಗಸೇ ತಡಕುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೂ ಹೊರಗೆ ಬಂದವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಗೂಡಿನ ಹಸಿರು ಪರದೆಯನ್ನು ಕಿತ್ತವಳು ನಮ್ಮ ಅತ್ತಿಗೆ. ಹೊಲಿಗೆ ವಿಭಾಗದವಳು, ಬಾಯಿ ಬಲು ಜೋರು. "ಇದನ್ನ ನಮ್ಮನೇಲಿ ಹಾಕ್ತೀನಿ. ದಿನಾ ಮೆರೀತಾ ಇದರೊಳಗೆ ಹೋಗ್ಬರ್ತೀನಿ" ಎಂದು ಹೆಗಲ ಮೇಲೆ ಹೊತ್ತು ತಂದಳು. ಒಗೆದು, ಹರಿದ ಅಂಚಿಗೆ ಬಿಳಿ ದಾರ ಹಾಕಿ, ಮಲಗುವ ಕೋಣೆಯ ಬಾಗಿಲಿಗೆ ತೂಗುಬಿಟ್ಟಳು. ಕಾರ್ಖಾನೆಯನ್ನು ನಾವೇ ನಡೆಸಲು ಕಟ್ಟಿಕೊಂಡ ಕಾರ್ಮಿಕ ಸಮಿತಿಗೆ ಅಣ್ಣ ಆಗಷ್ಟೇ ಮುಖ್ಯಸ್ಥನಾಗಿದ್ದ. "ಮಹಾರಾಣಿ ಅಂತಃಪುರ ಕಣೋ, ಕೆಮ್ಮಿ ಹೋಗ್ಬೇಕು" ಎಂದು ರೇಗಿಸುತ್ತಿದ್ದ.

ಬರಬರುತ್ತಾ ಚರ್ಮದ ತುಂಡು, ನೂಲಿನ ಉಂಡೆ ಮಾಯವಾಗತೊಡಗಿದವು. ಅಣ್ಣ ಸಭೆ ಕರೆದ. ಮಾತಿಗೆ ನಿಂತರೆ ಅವನು ಕಲ್ಲನ್ನೂ ಒಪ್ಪಿಸುತ್ತಿದ್ದ.

"ಮಾಲೀಕ ತಡಕಿದ್ರೆ ದಬ್ಬಾಳಿಕೆ. ನಮ್ಮನ್ನ ನಾವೇ ತಡಕಿಕೊಂಡ್ರೆ ಶಿಸ್ತು. ನಮ್ಮೋರ ಕೈಗೆ ನಾಚಿಕೆ ಎಂಥದ್ದು?"

ಎಲ್ಲರೂ ಕೈ ಎತ್ತಿದೆವು. ಅತ್ತಿಗೆಯೊಬ್ಬಳು ಕೈ ಕಟ್ಟಿ ಕೂತಿದ್ದಳು. ತಪಾಸಣೆಗೆ ಒಪ್ಪದವರಿಗೆ ಕೆಲಸವಿಲ್ಲ ಎಂದು ತೀರ್ಮಾನವಾಯಿತು.

ಮರುದಿನ ಸಂಜೆ ಗೇಟಿನ ಬಳಿ ಹೊಸ ಗೂಡು ನಿಂತಿತ್ತು. ತಡಕಲು ಗಂಡಸರಿಗೆ ಉಗ್ರಾಣದ ಮುದುಕ, ಹೆಂಗಸರಿಗೆ ಒಬ್ಬ ಹೆಂಗಸು. ಪರದೆ ಹಸಿರು, ಅಂಚಿನಲ್ಲಿ ಬಿಳಿ ದಾರ. ಅತ್ತಿಗೆ ಸಾಲಿನಲ್ಲಿ ಮೊದಲನೆಯವಳು. ನಿಂತುಬಿಟ್ಟಳು.

"ಇದು ನಮ್ಮನೇದು."

"ಬೇರೆ ಬಟ್ಟೆ ಸಿಗಲಿಲ್ಲ ಕಣೆ" ಎಂದ ಅಣ್ಣ. "ನಾಳೆ ತರ್ತೀನಿ. ಈಗ ಒಳಗೆ ಹೋಗು."

"ಹೋಗಲ್ಲ."

"ಎಲ್ಲರ ಮುಂದೆ ನನ್ನ ಮಾನ ಕಳೀಬೇಡ."

"ಓಹೋ, ಮಾನ ನಿಂಗೊಬ್ಬನಿಗೇನಾ? ಕಾರ್ಖಾನೆ ಎಲ್ಲರದು ಕಣಯ್ಯಾ. ಮೈ ನಂದು."

"ಸಂಸಾರದ ಜಗಳ ಮನೇಲಿ ಇಟ್ಕೊಳ್ರಮ್ಮಾ, ಹೊಟ್ಟೆ ತಾಳ ಹಾಕ್ತಿದೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಾಲು ನಕ್ಕಿತು. ಅತ್ತಿಗೆಯ ಬೆನ್ನಿಗೇ ನಿಂತಿದ್ದವನು ನಾನು. ನನ್ನ ಬೂಟಿನ ದಾರ ನೋಡುತ್ತಿದ್ದೆ.

"ಸರಿ, ಮೊದಲು ನೀನು ಹೋಗು" ಎಂದಳು ಅತ್ತಿಗೆ.

ಸಮಿತಿಯವರು ಕಚೇರಿ ಬಾಗಿಲಿನಿಂದ ಹೋಗುವವರು. ಅವರಿಗೆ ತಪಾಸಣೆ ಇರಲಿಲ್ಲ. ಅಣ್ಣ ನಗುತ್ತಲೇ ಒಳಗೆ ಹೋದ. ಬೂಟು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಉಗ್ರಾಣದ ಮುದುಕನ ಗಂಟಲು: "ಕೈ ಎತ್ತಪ್ಪಾ. ಇನ್ನೂ ಮೇಲೆ."

ಏನೂ ಸಿಗಲಿಲ್ಲ. ಸಿಗುವುದಕ್ಕೆ ಅವನೇನು ಕಳ್ಳನೇ? ಆದರೆ ಹೊರಗೆ ಬಂದಾಗ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ, ಒಂದು ಬೂಟು ಕೈಯಲ್ಲೇ ಇತ್ತು, ಕಣ್ಣು ನೆಲದಲ್ಲಿ. ಅತ್ತಿಗೆಯ ಮುಖ ಮೆತ್ತಗಾಯಿತು.

"ಗೊತ್ತಾಯ್ತಲ್ಲ? ಬಾ, ಕಿತ್ತು ಕೊಡು. ಮನೆಗೆ ಹೋಗೋಣ."

ಅವನ ಕೈ ಪರದೆಗೆ ಹೋಯಿತು, ದೇವರಾಣೆ ಹೋಯಿತು. ಆಗ ತಲೆ ಎತ್ತಿ ಸಾಲನ್ನು ನೋಡಿದ. ನಮ್ಮಲ್ಲಿ ಒಬ್ಬನಾದರೂ "ಕೀಳು" ಅಂದಿದ್ದರೆ ಕೀಳುತ್ತಿದ್ದ. ಯಾರೂ ತುಟಿ ಬಿಚ್ಚಲಿಲ್ಲ. ಅವನು ಪರದೆಯನ್ನು ಪಕ್ಕಕ್ಕೆ ಸರಿಸಿ ಹಿಡಿದ.

"ನೋಡಿದ್ರಲ್ಲ, ಏನೂ ಆಗಲ್ಲ. ಮುಂದಿನವರು ಬನ್ನಿ."

ಅತ್ತಿಗೆ ಸೊಂಟದಿಂದ ಹೊಲಿಗೆ ಕೆಲಸದ ಕತ್ತರಿ ತೆಗೆದು ಅವನ ಕಾಲ ಬುಡದಲ್ಲಿಟ್ಟು ಗೇಟು ದಾಟಿ ಹೋದಳು. ಮತ್ತೆ ಕಾರ್ಖಾನೆಗೆ ಕಾಲಿಡಲಿಲ್ಲ.

ಸಾಲು ಮುಂದೆ ಸರಿಯಿತು. ಮುಂದಿನವನು ನಾನು. ಪರದೆ ಬೆನ್ನು ಸವರಿದಾಗ ನಮ್ಮ ಮನೆಯ ಸೋಪಿನ ವಾಸನೆ ಬಂತು. ಮುದುಕ ಬಾಯಿ ತೆರೆಯುವ ಮೊದಲೇ ಕೈ ಎತ್ತಿದೆ.