ದೀಪ ದೊಡ್ಡದು ಮಾಡು

ಕೆನಡಾದ ಮಿಸಿಸಾಗದ ದಡದಿಂದ ಒಂದು ಮೈಲಿ ದೂರ, ಸರೋವರದೊಳಗೆ ನಿಂತಿದ್ದ ಹಳೆಯ ದೀಪಸ್ತಂಭಕ್ಕೆ ಇದ್ದದ್ದು ಒಂದೇ ಬೀಗದಕೈ. ಒಂಬತ್ತು ವರ್ಷದಿಂದ ಅದು ಬೆಳಗಾವಿ ಕಡೆಯ ಮಡಿವಾಳಪ್ಪನ ಸೊಂಟದಲ್ಲಿತ್ತು. ಸ್ತಂಭವನ್ನು ನೋಡಿಕೊಳ್ಳುವ ಟ್ರಸ್ಟಿನ ಇವತ್ತಿನ ಮೀಟಿಂಗಿನಲ್ಲಿ ಅದು ಅವನ ಕೈತಪ್ಪಿ ಹೋಗುವ ಹಾಗಿತ್ತು.

ಹಿಂದಿನ ಶನಿವಾರ ಅವನೂ ಹೊಸ ಎಲೆಕ್ಟ್ರಿಶಿಯನ್ ಶರ್ವಾಣಿಯೂ ದೋಣಿಯಲ್ಲಿ ಹೋಗಿ ದೀಪ ಪರೀಕ್ಷಿಸಿ ಬಂದಿದ್ದರು. ಆರಿಸಿ ಬರಬೇಕಿದ್ದ ದೀಪ ಬ್ಯಾಟರಿ ಸಾಯುವ ತನಕ ಉರಿದು, ಹಳೆಯ ಗಾಜಿನ ಮಸೂರ ಕಾದು ಬಿರುಕು ಬಿಟ್ಟಿತ್ತು. ಟ್ರಸ್ಟಿಗೆ ಶರ್ವಾಣಿ ಬರೆದದ್ದು ಒಂದೇ ಸಾಲು: ದೀಪ ಹೆಚ್ಚಿಸಲು ಮಡಿವಾಳಪ್ಪನವರೇ ಹೇಳಿದರು.

ಮೀಟಿಂಗಿಗೆ ಮುಂಚೆ ಪಾರ್ಕಿಂಗ್ ಲಾಟಿನಲ್ಲಿ ಮಡಿವಾಳಪ್ಪ ಅವಳನ್ನು ತಡೆದ.

“ನನ್ನ ಕೀಲಿಕೈ ಮ್ಯಾಲೆ ಕಣ್ಣಿಟ್ಟೀ ಏನ್ ತಂಗಿ?”

“ನಿಮ್ ಕೀ ನಂಗ್ಯಾಕೆ ಅಂಕಲ್? ಕೆಳಗಿಂದ ಕೂಗಿದ್ದು ನೀವು. ದೀಪ ದೊಡ್ಡದು ಮಾಡಿ ಬಾ ಅಂದ್ರಿ. ಡಿಮ್ಮರ್ ಫುಲ್ ಇಟ್ಟು ಬಂದೆ.”

“ಹೌದ, ಅಂದೆ. ಅಂದ್ರ ಬಂದ್ ಮಾಡು ಅಂತ.”

“ಇದನ್ನ ಈಗ ಹುಟ್ಟಿಸ್ಕೊಂಡ್ರಾ?”

“ದೀಪ ಆರ್ಸು ಅಂತ ಯಾರರೆ ಬಾಯಿಬಿಟ್ಟು ಅಂತಾರೇನು? ಅಪಶಕುನ. ಕನ್ನಡದಾಕಿಗೆ ಅಷ್ಟೂ ಗೊತ್ತಿಲ್ಲಾ ಅಂದ್ರ ನಾ ನಂಬಬೇಕು?”

ಶರ್ವಾಣಿ ಅಲ್ಲೇ ಬೆಂಗಳೂರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಅಮ್ಮನನ್ನು ಕೇಳಿದಳು.

“ನಂದ್ಸೋದಕ್ಕೆ ಹಾಗಂತಾರೆ ಕಣೇ. ನಿಮ್ಮಜ್ಜಿ ಯಾವಾಗ್ಲೂ ಅಂತಿದ್ರಲ್ಲ. ಯಾಕೇ?”

ಅವಳು ಫೋನಿಟ್ಟಳು.

“ಅಜ್ಜಿ ಅಂತಿದ್ಳಂತ,” ಅಂದ ಮಡಿವಾಳಪ್ಪ. “ಅಂದ್ರ ನೀ ಕೇಳಿದ್ದಿ.”

“ಅಜ್ಜಿ ಹೋದಾಗ ನಂಗೆ ಎರಡು ವರ್ಷ.”

“ಹೂಂ.”

ಒಳಗೆ ಇಬ್ಬರೂ ಇದ್ದದ್ದನ್ನೇ ಹೇಳಿದರು. ದೊಡ್ಡದು ಮಾಡುವುದೆಂದರೆ ಆರಿಸುವುದೇ ಎಂದು ಅಧ್ಯಕ್ಷೆ ಎರಡು ಸಲ ಕೇಳಿ ಬರೆದುಕೊಂಡಳು. ಬೀಗದಕೈ ಸದ್ಯ ಮಡಿವಾಳಪ್ಪನಲ್ಲೇ ಉಳಿಯಿತು. ಸ್ತಂಭದಲ್ಲಿ ಇನ್ನು ಮೇಲೆ ಎಲ್ಲ ಸೂಚನೆ ಇಂಗ್ಲಿಷಿನಲ್ಲಿ. ಇನ್ನೊಂದು ತಪ್ಪಾದರೆ ಬೀಗದಕೈ ಟ್ರಸ್ಟಿಗೆ ವಾಪಸ್.

ಮುಂದಿನ ಶನಿವಾರ ಹೊಸ ಬ್ಯಾಟರಿ ಕೂರಿಸಿದರು. ಮಡಿವಾಳಪ್ಪ ದೋಣಿಯಲ್ಲಿ ನಿಂತು ಕೂಗಿದ: “ಶರ್ವಾಣಿ, ಆಫ್ ಮಾಡು.” ಆ ಮಾತಿಗೆ ಅಪಶಕುನ ಅಂಟಿರಲಿಲ್ಲ.

“ಮಾಡ್ದೆ ಅಂಕಲ್.”

ಅವನು ಬಿಚ್ಚಿದ್ದ ದೋಣಿಯ ಹಗ್ಗವನ್ನು ಮತ್ತೆ ಕಟ್ಟಿ, ನೋಯುವ ಮಂಡಿ ಹಿಡಿದುಕೊಂಡು ಅರವತ್ತೆರಡು ಮೆಟ್ಟಿಲು ಹತ್ತಿದ. ದೀಪ ಆರಿತ್ತು. ಶರ್ವಾಣಿ ಅವನ ಕಡೆ ತಿರುಗಲಿಲ್ಲ. ಆಫ್ ಆಗಿದ್ದ ಸ್ವಿಚ್ಚಿನ ಪಕ್ಕ ಕೈಗಡಿಯಾರ ಹಿಡಿದು, ಮುಳ್ಳುಗಳೂ ಕಾಣುವ ಹಾಗೆ ಫೋಟೊ ತೆಗೆಯುತ್ತಿದ್ದಳು.