ಕರಿಬಸವಯ್ಯನವರ ಒಣಗಂಟು

ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಕರಿಬಸವಯ್ಯನವರು ನರಸಿಂಹರಾಜಪುರದ ಸುತ್ತಮುತ್ತ ಗಾಳ ಹಾಕುವವರಿಗೆಲ್ಲ ಗುರುಸ್ಥಾನದಲ್ಲಿದ್ದಾರೆ ಎಂದರೆ ಹೊರಗಿನವರು ನಂಬುವುದಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು. ಆ ಕೋಟಿನ ತೋಳು ಎರಡು ಮಡಿಕೆ ಮೇಲೇರಿತೆಂದರೆ ಅವರ ಹಗ್ಗ-ಮೊಳೆಯ ಅಂಗಡಿಯಲ್ಲಿ ಯಾರದೋ ದಾರಕ್ಕೆ ಗಂಟು ಬೀಳಲಿದೆ ಎಂದೇ ಅರ್ಥ. ಭದ್ರೆಯ ಹಿನ್ನೀರಿನ ಬಾಳೆಮೀನಿನ ಹಲ್ಲಿಗೆ ತೆಳುವಾದ ತಂಗೂಸಿ ದಾರ ತಡೆಯದು. ಗಾಳದ ಹತ್ತಿರ ಒಂದು ಮಾರು ದಪ್ಪ ದಾರವೇ ಬೇಕು. ದಪ್ಪವನ್ನೂ ತೆಳುವನ್ನೂ ಒಂದನ್ನೊಂದು ಬಿಡದಂತೆ ಕೂಡಿಸುವ ವಿದ್ಯೆ ಅವರ ಬೆರಳಲ್ಲಿದೆ.

ಬಿಗಿಯುವ ಮುನ್ನ ಗಂಟನ್ನು ಒದ್ದೆ ಮಾಡಬೇಕು. ಇಲ್ಲದಿದ್ದರೆ ಉಜ್ಜಿದ ಕಾವಿಗೆ ದಾರ ಒಳಗೊಳಗೇ ಸಾಯುತ್ತದೆ. ಎಲ್ಲರೂ ಅದನ್ನು ಬಾಯಲ್ಲಿಟ್ಟು ಒದ್ದೆ ಮಾಡಿದರೆ, ಇವರು ಮಾತ್ರ ಹಿತ್ತಾಳೆಯ ಬಟ್ಟಲಲ್ಲಿ ನೀರಿಟ್ಟುಕೊಂಡವರು. ಅಂಗಡಿಯಲ್ಲಿ ಗಿರಾಕಿಯ ಎಂಜಲಿಗೂ ಎಡೆಯಿಲ್ಲ.

"ಮೀನಿಗೂ ಮಡಿನಾ ಮಾರಾಯ್ರೆ?" ಎಂದು ದಿನಾ ಬಂದು ಕೂರುವ ಯೋಗೇಂದ್ರ ಛೇಡಿಸುತ್ತಿದ್ದ.

"ಮೀನಿಗಿಲ್ಲಪ್ಪ, ನಂಗಿದೆ."

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಮಲಕ್ಕ ಬಂದಳು. ಗಂಡ ಹೋದ ಮೇಲೆ ಗಾಳದಿಂದಲೇ ಹೊಟ್ಟೆ ಹೊರೆಯುತ್ತಿರುವ ಹೆಂಗಸು. ಅವಳು ಹತ್ತಬೇಕಾದ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಬಟ್ಟಲು ಒಣಗಿತ್ತು.

"ಎಂಜಲು ಹಚ್ಚಿಬಿಡಿ ಅಯ್ನೋರೆ, ಇಲ್ಲಾಂದ್ರೆ ನಾನೇ ಹಚ್ತೀನಿ."

ಅವರು ಗಂಟನ್ನು ಒಣಗಿದ್ದ ಹಾಗೆಯೇ ಎಳೆದರು. ದಾರ ಕಿರ್ರೆಂದದ್ದು ಅವರಿಗೆ ಕೇಳಿಸಿತು. ಆದರೂ ಕೊಟ್ಟು ಕಳಿಸಿದರು.

ನಾಲ್ಕನೆಯ ದಿನ ಯೋಗೇಂದ್ರನೇ ಸುದ್ದಿ ತಂದ. ಕಮಲಕ್ಕನ ಗಾಳಕ್ಕೆ ಭಾರೀ ಬಾಳೆಮೀನು ಬಿದ್ದಿತ್ತಂತೆ, ದಾರ ತುಂಡಾಯಿತಂತೆ. ತನ್ನ ಕೈಯಲ್ಲಿ ಇನ್ನು ಹದವಿಲ್ಲವೆಂದು ಅವಳು ಗಾಳದ ಕೋಲನ್ನು ಅಟ್ಟಕ್ಕೇರಿಸಿದ್ದಾಳಂತೆ. "ನಿಮ್ಮ ಗಂಟು ಬಿಡೋದು ಅಂತಿಲ್ವಲ್ಲ, ಅವ್ಳೇ ಎಳೆದಿದ್ದು ಹೆಚ್ಚಾಯ್ತು ಬಿಡಿ" ಎಂದ.

ನಲವತ್ತು ವರ್ಷದಲ್ಲಿ ಅವರು ಗಳಿಸಿದ್ದು ತಮ್ಮ ಗಂಟು ಬಿಡದು ಎಂಬ ಆ ಒಂದು ಮಾತನ್ನೇ. ಸುಮ್ಮನಿದ್ದರೆ ಅದು ಉಳಿಯುತ್ತಿತ್ತು. ಆ ದಿನ ನಾಚಿಕೆಯಲ್ಲಿ ಅವರಿಗೆ ಊಟ ಸೇರಲಿಲ್ಲ.

ಮರುದಿನ ಅಂಗಡಿ ಮುಚ್ಚಿ, ಯೋಗೇಂದ್ರನನ್ನೂ ಕರೆದುಕೊಂಡು, ಎಡಗಾಲನ್ನು ತುಸು ಎಳೆಯುವ ತಮ್ಮ ನಡಿಗೆಯಲ್ಲೇ ಅವಳ ಅಂಗಳಕ್ಕೆ ಹೋದರು.

"ತಪ್ಪು ನಿಮ್ಮ ಕೈಯದ್ದಲ್ಲ ಕಮಲಕ್ಕ, ನಂದು. ಗೊತ್ತಿದ್ದೂ ಒಣಗಂಟು ಬಿಗಿದೆ. ಎಂಜಲಿಗೆ ಹೇಸಿದೆ."

ಅವಳು ತನ್ನ ಅಂಗೈ ನೋಡಿಕೊಂಡಳು. "ಇಷ್ಟು ದಿನ ಈ ಕೈಯನ್ನೇ ಬೈಕೊಂಡೆ ಅಯ್ನೋರೆ" ಎಂದಳು.

ಅವರು ಕೋಟಿನ ತೋಳು ಮಡಿಚಿ ಹೊಸ ಗಂಟು ಸುತ್ತಿ, ನೀರಿಗಾಗಿ ಅತ್ತಿತ್ತ ನೋಡಿದರು. ಕಮಲಕ್ಕ ಏಳಲಿಲ್ಲ. ಗಂಟನ್ನು ಅವರ ಕೈಯಿಂದ ತೆಗೆದುಕೊಂಡು, ಬಾಯಲ್ಲಿಟ್ಟು ಒದ್ದೆ ಮಾಡಿ, ಅವರ ಮುಂದೆ ಹಿಡಿದಳು. ಯೋಗೇಂದ್ರ ನೆಲ ನೋಡಿದ. ಕರಿಬಸವಯ್ಯನವರು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ನಿಧಾನವಾಗಿ ಬಿಗಿದರು. ಅವಳು ಒಂದು ತುದಿ ಹಿಡಿದು ಜಗ್ಗಿದಳು, ಅವರು ಇನ್ನೊಂದು. ಗಂಟು ನಿಂತಿತು. ಅವಳು ಒಳಗೆ ಹೋಗಿ ಅಟ್ಟದಿಂದ ಕೋಲು ಇಳಿಸಿದಳು.

ಬಟ್ಟಲು ಈಗಲೂ ಅಂಗಡಿಯಲ್ಲಿದೆ. ಅದು ಒಣಗಿದ್ದರೆ ಗಿರಾಕಿಯ ಬಾಯಿಗೇ ಗಂಟನ್ನು ಹಿಡಿಯುತ್ತಾರೆ. ನೇಮನಿಷ್ಠೆಯ ಇಂಥ ಹಿರಿಯರು ನಮ್ಮ ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ಅವರ ನೇಮದ ನಷ್ಟ ಬಹುಪಾಲು ಬೀಳುವುದು ಇನ್ನೊಬ್ಬರ ತಲೆಗೆ. ಅದು ಯಾರ ತಲೆಗೆ ಬಿತ್ತೆಂದು ವಿಚಾರಿಸಿಕೊಂಡು, ಅವರ ಅಂಗಳದ ತನಕ ನಡೆದು ಹೋಗುವವರು ಮಾತ್ರ ತೀರಾ ಕಡಿಮೆ.